ಪಿನ್ ಅಂಕಿಗಳನ್ನು ಅದಲುಬದಲು ಮಾಡಿ ಬರೆದಿಟ್ಟರೆ ಸುರಕ್ಷಿತವೇ?

ಎಟಿಎಂ ಪಿನ್ ಮರೆತುಹೋದೀತೆಂದು ಅದರ 4 ಅಂಕಿಗಳನ್ನು ಅದಲುಬದಲು ಮಾಡಿ ಕಾರ್ಡಿನ ಕವರ್ ಮೇಲೆ ಬರೆದಿಡುವವರಿದ್ದಾರೆ. ಕಾರ್ಡು ಕಳ್ಳನ ಕೈಗೆ ಸಿಕ್ಕರೂ ಸರಿಯಾದ ಕ್ರಮ ತಿಳಿಯದು ಎಂಬುದು ಅವರ ನಂಬಿಕೆ. ಇದು ಎಷ್ಟು ನಿಜ?

ಮೊದಲು ರಾಯಚೂರು ಜಿಲ್ಲೆಯ 3 ಊರುಗಳನ್ನು ನೋಡಿ: ಸಿಂಧನೂರು, ಲಿಂಗಸುಗೂರು, ಮಸ್ಕಿ. ಈ ಹೆಸರುಗಳನ್ನು ಎಷ್ಟು ರೀತಿ ಜೋಡಿಸಬಹುದು? ಮೊದಲ ಜಾಗಕ್ಕೆ 3 ಆಯ್ಕೆ, ನಂತರ 2, ಕೊನೆಗೆ 1. ಒಟ್ಟು 6. ಗಣಿತದಲ್ಲಿ ಇದಕ್ಕೆ ಕ್ರಮಯೋಜನೆ ಎನ್ನುತ್ತಾರೆ. ಮನಸ್ಸಿಗೆ ಬಂದಂತೆ ಬರೆದರೆ ಒಂದು ಬಿಟ್ಟುಹೋಗಬಹುದು, ಇನ್ನೊಂದು ಎರಡು ಸಲ ಬರಬಹುದು. ನಿಘಂಟಿನ ಕ್ರಮದಲ್ಲಿ, ಅಂದರೆ ಮೊದಲು ‘ಮಸ್ಕಿ’ಯಿಂದ, ಆಮೇಲೆ ‘ಲಿಂಗಸುಗೂರು’, ಕೊನೆಗೆ ‘ಸಿಂಧನೂರು’ ಎಂದು ಶುರುವಾಗುವವನ್ನು ಬರೆದರೆ ಆ ತಪ್ಪಾಗದು.

ಕಂಪ್ಯೂಟರ್ ಮಾಡುವುದೂ ಇದನ್ನೇ. 1, 7, 8, 9 ಅಂಕಿಗಳಿಗೆ ಅದು 1789ರಿಂದ ಶುರುಮಾಡುತ್ತದೆ. ಪಟ್ಟಿಯಲ್ಲಿ 1987ರ ನಂತರ ಯಾವುದು? ಬಲದಿಂದ ಎಡಕ್ಕೆ ಬರುತ್ತಾ, ತನ್ನ ಬಲಗಡೆಯ ಅಂಕಿಗಿಂತ ಚಿಕ್ಕದಾದ ಮೊದಲ ಅಂಕಿಯನ್ನು ಹುಡುಕಬೇಕು. ಇಲ್ಲಿ ಅದು 1. ಅದರ ಬಲಕ್ಕಿರುವ ಅಂಕಿಗಳಲ್ಲಿ 1ಕ್ಕಿಂತ ದೊಡ್ಡವುಗಳ ಪೈಕಿ ಅತಿ ಚಿಕ್ಕದು 7. ಎರಡನ್ನೂ ಅದಲುಬದಲು ಮಾಡಿದರೆ 7981. ಕೊನೆಗೆ 7ರ ನಂತರದ ಭಾಗವನ್ನು ತಿರುವಿ ಬರೆದರೆ 7189. ಅದೇ ಉತ್ತರ. ಹೀಗೇ ಮುಂದುವರಿದು 9871 ಬಂದಾಗ ಪಟ್ಟಿ ಮುಗಿಯುತ್ತದೆ. ಈ ವಿಧಾನ ಹೊಸದಲ್ಲ. 14ನೇ ಶತಮಾನದ ಭಾರತೀಯ ಗಣಿತಜ್ಞ ನಾರಾಯಣ ಪಂಡಿತರಿಗೆ ಇದು ತಿಳಿದಿತ್ತು.

ಈಗ ಪಿನ್ ವಿಷಯಕ್ಕೆ ಬರೋಣ. 0000ರಿಂದ 9999ರವರೆಗೆ 10,000 ಪಿನ್‌ಗಳು ಸಾಧ್ಯ. ಆದರೆ 4 ಬೇರೆ ಬೇರೆ ಅಂಕಿಗಳು ಯಾವುವೆಂದು ಗೊತ್ತಾದರೆ ಉಳಿಯುವುದು 4×3×2×1, ಅಂದರೆ 24 ಮಾತ್ರ! ಒಂದು ಅಂಕಿ ಎರಡು ಸಲ ಬಂದಿದ್ದರೆ ಇನ್ನೂ ಕಡಿಮೆ, 12. ಇಷ್ಟನ್ನು ಬರೆಯಲು ಕಂಪ್ಯೂಟರೂ ಬೇಡ, ಒಂದು ಚೀಟಿ ಸಾಕು.

ಸಾಮಾನ್ಯವಾಗಿ 3 ಸಲ ತಪ್ಪಿದರೆ ಕಾರ್ಡ್ ಬ್ಲಾಕ್ ಆಗುತ್ತದಲ್ಲ ಎನ್ನಬಹುದು. ನಿಜ. ಆದರೆ 24ರಲ್ಲಿ 3 ಎಂದರೆ ಕಳ್ಳ ಗೆಲ್ಲುವ ಸಾಧ್ಯತೆ 8ರಲ್ಲಿ 1. ಪಿನ್ ಹುಟ್ಟಿದ ವರ್ಷವಾಗಿದ್ದರಂತೂ ಮುಗಿಯಿತು: ಆ 24ರಲ್ಲಿ 19ರಿಂದ ಶುರುವಾಗುವುದು 1978 ಮತ್ತು 1987 ಎರಡೇ.

ಆದ್ದರಿಂದ, ಅಂಕಿಗಳನ್ನು ಅದಲುಬದಲು ಮಾಡಿ ಬರೆದಿಟ್ಟರೆ ಪಿನ್ ಸುರಕ್ಷಿತ ಎಂಬುದು ತಪ್ಪು. ಈಗಾಗಲೇ ಹಾಗೆ ಬರೆದಿಟ್ಟಿದ್ದರೆ ಅಳಿಸಿಬಿಡಿ, ಇಂದೇ ಪಿನ್ ಬದಲಿಸಿ. ಕಾರ್ಡ್ ಕಳೆದುಹೋದರೆ ತಕ್ಷಣ ಬ್ಯಾಂಕಿಗೆ ತಿಳಿಸಿ ಬ್ಲಾಕ್ ಮಾಡಿಸಿ.