ಕ್ಯಾಲೆಂಡರಿನಲ್ಲಿ ನಿಮ್ಮದೂ ಒಂದು ದಿನ ಇರಲಿ

ಹೊಸ ವರ್ಷದ ಕ್ಯಾಲೆಂಡರ್ ಅಡುಗೆಮನೆಯ ಗೋಡೆಗೆ ಬಂದಾಯ್ತಲ್ಲ? ಹಳೆಯದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಗಳ ಪರೀಕ್ಷೆ, ಅತ್ತೆಯವರ ಬಿಪಿ ಚೆಕಪ್, ನಾದಿನಿ ಮನೆಯ ಗೃಹಪ್ರವೇಶ, ಊರಿನ ಜಾತ್ರೆ... ಹನ್ನೆರಡು ಹಾಳೆಯಲ್ಲೂ ಅಕ್ಷರ ನಿಮ್ಮದೇ. ಆದರೆ ನಿಮಗಾಗಿ ಗುರುತು ಹಾಕಿಕೊಂಡ ದಿನ ಒಂದಾದರೂ ಇದೆಯಾ? ನಾನೂ ಹುಡುಕಿದೆ. ಸಿಕ್ಕಿದ್ದು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿದ್ದ ಒಂದು ದಿನ. ಅದನ್ನೂ ಮುಂದಿನ ತಿಂಗಳಿಗೆ ತಳ್ಳಿದ್ದೆ!

"ನಮ್ಮದೇನು ಮಹಾ? ಮಕ್ಕಳು ಒಂದು ದಡ ಸೇರಲಿ, ಆಮೇಲೆ ನೋಡುವ." ಹೀಗೆ ಹೇಳುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಈ 'ಆಮೇಲೆ'ಯ ಬೆಲೆ ಎಷ್ಟು ಎಂದು ನನಗೆ ತಿಳಿದದ್ದು ಅಮ್ಮನಿಂದ.

ಅಮ್ಮನ ತವರು ಬೆಳ್ತಂಗಡಿ ಕಡೆ. ಆ ಮನೆಯ ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಕಾಣುತ್ತದೆ. ಟಿಪ್ಪು ಸುಲ್ತಾನ 1794ರಲ್ಲಿ ಕೋಟೆ ಕಟ್ಟಿಸಿದ ಹೆಬ್ಬಂಡೆ ಅದು. ಮೇಲೆ ಹೋಗಲು ಕಲ್ಲಲ್ಲೇ ಕಡಿದ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಅಣ್ಣಂದಿರು ಹತ್ತಿ ಬಂದರು, "ಹುಡುಗಿಯರಿಗೆ ಅದೆಲ್ಲ ಯಾಕೆ?" ಅಂತ ಅಮ್ಮನನ್ನು ಬಿಟ್ಟು ಹೋದರು. ಮದುವೆಯಾಗಿ ಬಂಟ್ವಾಳಕ್ಕೆ ಬಂದ ಅಮ್ಮ ಮನೆಗೆಲಸ ಮುಗಿಸಿ ಬೀಡಿ ಕಟ್ಟಿದಳು. ಆ ದುಡ್ಡಿನಲ್ಲೇ ನನ್ನ ಬಿ.ಎ. ಆಯಿತು. ರಜೆಯಲ್ಲಿ ತವರಿಗೆ ಹೋದಾಗಲೆಲ್ಲ ಬಂಡೆಯ ಕಡೆ ನೋಡಿ "ಬರುವ ವರ್ಷ ಹತ್ತುವ" ಅನ್ನುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ನಾನೇ ಹೊರಡಿಸಿಕೊಂಡು ಹೋದೆ. ಇಪ್ಪತ್ತು ಮೆಟ್ಟಿಲಿಗೇ ಮೊಣಕಾಲು ಕೇಳಲಿಲ್ಲ. ಕಲ್ಲಿನ ಮೇಲೆ ಕುಳಿತು, "ನೀವು ಹೋಗಿ ಬನ್ನಿ. ಮೇಲಿಂದ ನಮ್ಮ ಮನೆ ಕಾಣ್ತದಾ ಅಂತ ನೋಡಿ ಹೇಳು" ಅಂದಳು. ಕಾಣುತ್ತಿತ್ತು. ಕೆಳಗೆ ಬಂದು ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಹಾಗಂತ ಮನೆ, ಮಕ್ಕಳನ್ನು ಬಿಟ್ಟು ಹೊರಡಿ ಎಂದು ಹೇಳುತ್ತಿಲ್ಲ. ನಮ್ಮ ಕರಾವಳಿಯ ಸಾರಾ ಅಬೂಬಕ್ಕರ್ ಅವರನ್ನೇ ನೆನಪಿಸಿಕೊಳ್ಳಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಶಾಲೆಯ ಓದು ಮುಗಿಯುತ್ತಲೇ ಮದುವೆ, ನಾಲ್ಕು ಗಂಡುಮಕ್ಕಳ ಸಂಸಾರ. ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಬಂದಾಗ ಅವರಿಗೆ ನಲವತ್ತು ದಾಟಿತ್ತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರು ಬರೆದದ್ದನ್ನು ನಾವು ಇನ್ನೂ ಓದುತ್ತಿದ್ದೇವೆ. ತಡವಾಗಿ ಶುರು ಮಾಡಿದರೂ ಅಡ್ಡಿಯಿಲ್ಲ. ಶುರುವನ್ನೇ ಮಾಡದಿದ್ದರೆ ಮಾತ್ರ ನಷ್ಟ.

ಹಾಗಾದರೆ ಶುರು ಮಾಡುವುದು ಹೇಗೆ?

ಒಂದನ್ನೇ ಆರಿಸಿ. ಹತ್ತು ನಿರ್ಧಾರ ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಹತ್ತೂ ಮರೆತಿರುತ್ತದೆ. 'ಈ ವರ್ಷ ಖುಷಿಯಾಗಿರ್ತೇನೆ' ಎಂದರೆ ಅದು ಬರೀ ಆಸೆ. 'ಮಾರ್ಚ್ ಒಳಗೆ ಸ್ಕೂಟರ್ ಕಲಿತು ಬಿ.ಸಿ.ರೋಡಿಗೆ ಒಬ್ಬಳೇ ಹೋಗಿ ಬರ್ತೇನೆ' ಎಂದರೆ ಅದು ಗುರಿ.

ಸಮಯಕ್ಕೆ ಲೆಕ್ಕ ಇಡಿ. ದಿನಕ್ಕೆ ಅರ್ಧ ಗಂಟೆ, ಅಂದರೆ ಒಂದು ಸೀರಿಯಲ್ಲಿನ ಹೊತ್ತು. ವರ್ಷಕ್ಕೆ 182 ಗಂಟೆ ಆಗುತ್ತದೆ! ಹೊಲಿಗೆ, ಸಂಗೀತ, ಕಂಪ್ಯೂಟರ್, ಯಾವುದಾದರೂ ಒಂದು ಕೈಗೆ ಹತ್ತಲು ಇಷ್ಟು ಸಾಕು.

ದುಡ್ಡಿಗೂ ಒಂದು ಡಬ್ಬ ಇಡಿ. ವಾರಕ್ಕೆ 100 ರೂಪಾಯಿ ಹಾಕಿದರೆ ವರ್ಷಕ್ಕೆ 5,200. ಸಂಘದಲ್ಲಿ ನಮ್ಮ ಹೆಸರಿನಲ್ಲಿ ತೆಗೆದ ಸಾಲ ಮಗನ ಬೈಕಿಗೆ, ಮನೆಯ ಹಂಚಿಗೆ ಹೋಗುತ್ತದೆ. ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಈ ಡಬ್ಬಕ್ಕೆ ಯಾರೂ ಕೈ ಹಾಕಬಾರದು, ನೀವು ಕೂಡಾ!

ಸಿಗುವ ಸಹಾಯ ಕೇಳಿ ಪಡೆಯಿರಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ ಕೊಡುತ್ತದೆ. ಓದು ಅರ್ಧಕ್ಕೆ ನಿಂತವರಿಗೆ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಹೋಗಿ ವಿಚಾರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲವಲ್ಲ?

ಕೊನೆಯದು, ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಮೂಡುಬಿದಿರೆಯ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಐದರಿಂದ ಏಳು ನಾನು ಬರೆಯುವ ಹೊತ್ತು ಎಂದು ಹೇಳಿದೆ. ಮೊದಲ ವಾರ ನಮ್ಮೆಜಮಾನರು ಮೂರು ಸಲ ಬಾಗಿಲು ತಟ್ಟಿದರು, ಸಕ್ಕರೆ ಡಬ್ಬ ಎಲ್ಲಿ ಅಂತ! ನಾಲ್ಕನೇ ವಾರ ಚಹಾ ಅವರೇ ಮಾಡಿದರು. ನನಗೂ ಒಂದು ಲೋಟ ಬಂತು. ಸಕ್ಕರೆ ಸ್ವಲ್ಪ ಜಾಸ್ತಿ, ಇರಲಿ ಬಿಡಿ.

ಈ ಸಲದ ಕ್ಯಾಲೆಂಡರಿನಲ್ಲಿ ಅಮ್ಮನ ಹೆಸರಿಗೂ ಒಂದು ದಿನ ಗುರುತು ಹಾಕಿದ್ದೇನೆ. ಬೆಟ್ಟವಲ್ಲ. ನಮ್ಮ ಮನೆಗೆ ಬಂದು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನಿಧಾನಕ್ಕೆ ಕುಳಿತು ನೋಡುವುದು. ಇಷ್ಟು ವರ್ಷ ಮಗಳ ಮನೆಗೆ ಬಂದರೂ ಬಾಣಂತನ, ಹಪ್ಪಳ, ಉಪ್ಪಿನಕಾಯಿಯಲ್ಲೇ ಅವಳ ದಿನ ಮುಗಿಯುತ್ತಿತ್ತು. ಫೋನ್ ಮಾಡಿ ಹೇಳಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಯಾವ ಸೀರೆ ಉಡುವುದು?"

ನೀವೂ ಈಗಲೇ ಪೆನ್ನು ತಗೊಳ್ಳಿ. ಹಾಲಿನ ಲೆಕ್ಕದ ಪಕ್ಕದಲ್ಲಿ ನಿಮ್ಮದೂ ಒಂದು ದಿನಕ್ಕೆ ಗುರುತು ಹಾಕಿ. ಏನಂತೀರಿ? ಹೊಸ ವರ್ಷದ ಶುಭಾಶಯಗಳು.