ಮೊಲಕ್ಕೂ ಮ್ಯಾಗ್ನಮ್ಮಾ? ಹೌದ್ರೀ, ಮೊಲಕ್ಕೇ!

"ಅಷ್ಟು ಸಣ್ಣ ಪ್ರಾಣಿಗೆ ಅಷ್ಟು ಜೋರಿನ ತೋಟಾ ಯಾಕ್ರೀ?" ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳೋರು ಎರಡು ಥರ. ಮೊದಲನೆಯವರು ಇಲ್ಲಿನ ಹಳೇ ಬೇಟೆಗಾರರು. ತಾತನ ಕಾಲದ .22 ಲಾಂಗ್ ರೈಫಲ್ ಒಂದಿದ್ದರೆ ಮೊಲ, ಅಳಿಲು ಎಲ್ಲಕ್ಕೂ ಸಾಕು ಅನ್ನೋರು. ಎರಡನೆಯವರು ನಮ್ಮವರೇ, ಕನ್ನಡ ಕೂಟದ ಪಾಟ್‌ಲಕ್‌ನಲ್ಲಿ ಚಿಕನ್ ಬಿರಿಯಾನಿ ಬಡಿಸಿಕೊಳ್ಳುತ್ತಾ "ಅಯ್ಯೋ ಪಾಪ, ಹೊಡೆಯೋದೇ ಆದ್ರೆ ಸಣ್ಣ ಗುಂಡಲ್ಲಾದ್ರೂ ಹೊಡೀಬಾರ್ದಾ?" ಅನ್ನೋರು. ಒಬ್ಬರದು ಜಿಪುಣತನ, ಇನ್ನೊಬ್ಬರದು ಕರುಣೆ. ಇಬ್ಬರ ಲೆಕ್ಕವೂ ಒಂದೇ ಕಡೆ ತಪ್ಪುತ್ತದೆ: ಗುಂಡು ಚಿಕ್ಕದಾದಷ್ಟೂ ನೋವು ಚಿಕ್ಕದು ಅಂದುಕೊಂಡಿದ್ದಾರೆ. ನಿಜ ಇರೋದು ಬಹಳ ಸಲ ಅದರ ಉಲ್ಟಾ.

ಮೊದಲೇ ಹೇಳಿಬಿಡ್ತೀನಿ, ಊರಲ್ಲಿ ಬೇಟೆ ಆಡಿ ಅಂತ ನಾನು ಯಾರಿಗೂ ಹೇಳ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿನ ಬೇಟೆಯ ಕಥೆ ಮುಗಿಯಿತು, ಮುಗಿದಿದ್ದು ಒಳ್ಳೆಯದೇ ಆಯಿತು. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿ ಬೆಳೆದ ನಮಗೆ ಬೇಟೆ ಅಂದರೆ ನರಭಕ್ಷಕ ಹುಲಿ, ರಾತ್ರಿಯಿಡೀ ಮಚಾನು, ದೊಡ್ಡ ರೈಫಲ್ಲು. ಇಲ್ಲಿ ನಡೆಯೋದು ಅದಲ್ಲ. ಇದು ಸೀಸನ್ನು, ದಿನದ ಮಿತಿ, ಕಡ್ಡಾಯ ತರಬೇತಿ, ಮೈಮೇಲೆ 250 ಚದರ ಇಂಚು ಮಿಂಚುವ ಕಿತ್ತಳೆ ಬಣ್ಣ, ಜನ ಇರುವ ಮನೆಯಿಂದ 150 ಗಜ ದೂರ, ಇಷ್ಟೆಲ್ಲ ನಿಯಮ ಇರುವ ಬೇಟೆ. ಎಚ್-1ಬಿ ವೀಸಾದಲ್ಲಿರೋರು ಬಂದೂಕು ಇಟ್ಟುಕೊಳ್ಳೋದನ್ನು ಈ ದೇಶದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಹಾಗಾಗಿ ನಮ್ಮವರಲ್ಲೂ ಒಬ್ಬಿಬ್ಬರು ಕುತೂಹಲಕ್ಕೆ ಶುರು ಮಾಡ್ತಾರೆ, ಶುರು ಮಾಡಿದವರಿಗೆ ಅಂಗಡಿಯಲ್ಲಿ ಮೊದಲು ಸಿಗೋ ಸಲಹೆ ಅದೇ ಹಳೇದು: "ಮೊಲಕ್ಕೆ ತಾನೇ, ಲಾಂಗ್ ರೈಫಲ್ ತಗೊಳ್ಳಿ, ತೋಟಾ ಅಗ್ಗ." ನನ್ನ ಜಗಳ ಇರೋದು ಈ ಸಲಹೆಯ ಜೊತೆ.

ಮ್ಯಾಗ್ನಮ್ ಅಂದರೆ ಐಸ್‌ಕ್ರೀಮ್ ಮಾತ್ರ ನೆನಪಾಗೋರಿಗೆ ಸ್ವಲ್ಪ ಪೀಠಿಕೆ. ರಿಮ್‌ಫೈರ್ ತೋಟಾ ಅಂದರೆ ಕಿಡಿ ಹೊತ್ತಿಸುವ ಮದ್ದು ಅದರ ಬುಡದ ಅಂಚಿನೊಳಗೇ ಇರುತ್ತದೆ. ಕುದುರೆ ಎಳೆದಾಗ ಸೂಜಿ ಬಂದು ಆ ಅಂಚನ್ನು ಜಜ್ಜುತ್ತದೆ, ಮದ್ದು ಸಿಡಿಯುತ್ತದೆ. ಅಂಚು ಜಜ್ಜುವಷ್ಟು ಮೆದು ಇರಬೇಕು, ಹಾಗಾಗಿ ಒಳಗೆ ತುಂಬುವ ಒತ್ತಡಕ್ಕೂ ಒಂದು ಮಿತಿ ಇದೆ. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಇದು ಆಟದ ಸಾಮಾನಿನ ಹಾಗೆ ಕಾಣಬಹುದು, ತೋಟಾ ಕಿರುಬೆರಳಿಗಿಂತ ಸಣ್ಣದು. ಈ ಜಾತಿಯ ರಾಜ .22 ಲಾಂಗ್ ರೈಫಲ್. 1887ರಲ್ಲಿ ಬಂದಿದ್ದು, ಇವತ್ತಿಗೂ ಜಗತ್ತಿನಲ್ಲಿ ಇದರಷ್ಟು ಬಳಕೆಯ ತೋಟಾ ಇನ್ನೊಂದಿಲ್ಲ. 1959ರಲ್ಲಿ ವಿಂಚೆಸ್ಟರ್ ಕಂಪನಿ ಅದಕ್ಕಿಂತ ಉದ್ದದ, ಸ್ವಲ್ಪ ದಪ್ಪದ .22 ಮ್ಯಾಗ್ನಮ್ ತಂದಿತು. 2002ರಲ್ಲಿ ಹಾರ್ನಡಿ ಕಂಪನಿ ಅದೇ ಮ್ಯಾಗ್ನಮ್‌ನ ಕತ್ತು ಹಿಸುಕಿ, ಇನ್ನೂ ಸಣ್ಣ ಗುಂಡು ಕೂರಿಸಿ .17 ಎಚ್‌ಎಂಆರ್ ಮಾಡಿತು. ನಾನು ವಕಾಲತ್ತು ವಹಿಸುತ್ತಿರೋದು ಈ ಇಬ್ಬರು ತಮ್ಮಂದಿರ ಪರವಾಗಿ.

ಈಗ ಲೆಕ್ಕ. 40 ಗ್ರೇನ್, ಅಂದರೆ ಸುಮಾರು ಎರಡೂವರೆ ಗ್ರಾಂ ತೂಕದ ಗುಂಡನ್ನು ಲಾಂಗ್ ರೈಫಲ್ ಸೆಕೆಂಡಿಗೆ ಹೆಚ್ಚುಕಮ್ಮಿ 1,250 ಅಡಿ ವೇಗದಲ್ಲಿ ಬಿಡುತ್ತದೆ. ಅಷ್ಟೇ ತೂಕದ ಗುಂಡನ್ನು ಮ್ಯಾಗ್ನಮ್ 1,900 ಅಡಿಯ ಆಸುಪಾಸಿನಲ್ಲಿ ಬಿಡುತ್ತದೆ. ನಳಿಗೆಯ ಬಾಯಲ್ಲಿ ಮೊದಲನೆಯದರ ಶಕ್ತಿ ಸುಮಾರು 140 ಅಡಿ-ಪೌಂಡ್, ಎರಡನೆಯದು 300 ದಾಟುತ್ತದೆ. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 100 ಗಜ ಹಾರಿದ ಮೇಲೂ ಮ್ಯಾಗ್ನಮ್ ಗುಂಡಿನಲ್ಲಿ ಸುಮಾರು 150 ಅಡಿ-ಪೌಂಡ್ ಉಳಿದಿರುತ್ತದೆ. ಅಂದರೆ ಲಾಂಗ್ ರೈಫಲ್ ಹೊರಡುವಾಗ ಎಷ್ಟು ಇತ್ತೋ, ಮ್ಯಾಗ್ನಮ್ 100 ಗಜ ತಲುಪುವಾಗಲೂ ಅಷ್ಟು ಇರುತ್ತದೆ.

"ಮೊಲ ಸಾಯೋಕೆ ಅಷ್ಟು ಶಕ್ತಿ ಬೇಕೇನ್ರೀ?" ಬೇಡ, ಒಪ್ಪಿದೆ. ಸರಿಯಾದ ಜಾಗಕ್ಕೆ ಬಿದ್ದರೆ ಲಾಂಗ್ ರೈಫಲ್ಲೂ ಸಾಕು. ಆ "ಸರಿಯಾದ ಜಾಗಕ್ಕೆ ಬಿದ್ದರೆ" ಅನ್ನೋದರಲ್ಲೇ ಇಡೀ ವಿಷಯ ಇರೋದು. 50 ಗಜಕ್ಕೆ ಗುರಿ ಹೊಂದಿಸಿದ ಲಾಂಗ್ ರೈಫಲ್ ಗುಂಡು 100 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು 6 ಇಂಚು ಕೆಳಗೆ ಇಳಿದಿರುತ್ತದೆ. ಕಾಟನ್‌ಟೇಲ್ ಮೊಲದ ತಲೆ ಒಂದು ನಿಂಬೆಹಣ್ಣಿನಷ್ಟು ಅಂದುಕೊಳ್ಳಿ, ಎದೆ ಒಂದು ಕಿತ್ತಳೆಯಷ್ಟು. 6 ಇಂಚು ಇಳಿದರೆ ತಲೆಗೆ ಹಿಡಿದ ಗುರಿ ಕಾಲಿಗೆ ಬೀಳುತ್ತದೆ, ಇಲ್ಲಾ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದರೆ ಮೊಲದ ಪುಣ್ಯ. ಕಾಲಿಗೆ ಬಿದ್ದರೆ?

"ಅನುಭವ ಇರೋನು ಅಷ್ಟು ಮೇಲೆ ಹಿಡಿದು ಹೊಡೀತಾನೆ" ಅಂತಾರೆ. ಹೊಡೀತಾನೆ, ದೂರ ಎಷ್ಟು ಅಂತ ಕರಾರುವಾಕ್ಕಾಗಿ ಗೊತ್ತಿದ್ದರೆ. ಹುಲ್ಲುಗಾವಲಿನ ಆಚೆ ಬೇಲಿ ಸಾಲಲ್ಲಿ ಕೂತ ಪ್ರಾಣಿ 80 ಗಜದಲ್ಲಿದೆಯೋ 100 ಗಜದಲ್ಲಿದೆಯೋ ಅಂತ ಕಣ್ಣಂದಾಜಲ್ಲಿ ಹೇಳೋ ಧೈರ್ಯ ನನಗಿಲ್ಲ. ಹೇಳ್ತೀನಿ ಅನ್ನೋರನ್ನು ನಾನು ನಂಬೋದೂ ಇಲ್ಲ. ಮ್ಯಾಗ್ನಮ್ ಕೊಡೋದು ಈ ಅಂದಾಜಿನ ತಪ್ಪಿಗೆ ಒಂದಿಷ್ಟು ರಿಯಾಯಿತಿ. 75 ಗಜಕ್ಕೆ ಹೊಂದಿಸಿದ .22 ಮ್ಯಾಗ್ನಮ್ 100 ಗಜದಲ್ಲಿ ಇಳಿಯೋದು ಒಂದೂವರೆಯಿಂದ ಎರಡು ಇಂಚು. .17 ಎಚ್‌ಎಂಆರ್ ಅಂತೂ 100 ಗಜಕ್ಕೆ ಹೊಂದಿಸಿಬಿಟ್ಟರೆ 50ರಿಂದ 100ರ ನಡುವೆ ಎಲ್ಲೇ ಇರಲಿ, ಅರ್ಧ ಇಂಚಿನೊಳಗೇ ಇರುತ್ತದೆ. ನಿಂಬೆಹಣ್ಣಿಗೆ ಹಿಡಿದರೆ ನಿಂಬೆಹಣ್ಣಿಗೇ.

ಗ್ರೌಂಡ್‌ಹಾಗ್ ಅಂತ ಇಲ್ಲೊಂದು ಪ್ರಾಣಿ. ಫೆಬ್ರವರಿ 2ಕ್ಕೆ ಪಂಕ್ಸಟಾನಿ ಅನ್ನೋ ಊರಲ್ಲಿ ಟೋಪಿ ಹಾಕಿಕೊಂಡ ಗಣ್ಯರು ಬಿಲದಿಂದ ಎತ್ತಿ, ಚಳಿಗಾಲ ಇನ್ನೆಷ್ಟು ದಿನ ಅಂತ ಭವಿಷ್ಯ ಕೇಳೋದು ಇದನ್ನೇ. ಉಳಿದ ದಿನ ಸೋಯಾ ಹೊಲಕ್ಕೆ ನುಗ್ಗಿ ರೈತರ ಬಾಯಲ್ಲಿ ಬೈಸಿಕೊಳ್ಳೋದೂ ಇದೇ. ಮೊಲಕ್ಕಿಂತ ಎಷ್ಟೋ ದಪ್ಪ, ಗಟ್ಟಿ. ಯಾವಾಗಲೂ ಬಿಲದ ಬಾಯಿಂದ ನಾಲ್ಕು ಹೆಜ್ಜೆ ಆಚೆ. ಇದಕ್ಕೆ ದೂರದಿಂದ ಲಾಂಗ್ ರೈಫಲ್‌ನಲ್ಲಿ ಹೊಡೆದು, "ತಾಗ್ತು, ಆದ್ರೆ ಬಿಲಕ್ಕೆ ಹೋಯ್ತು" ಅಂತ ನಗುತ್ತಾ ಹೇಳಿದ ಮನುಷ್ಯನ ಪಕ್ಕ ನಾನು ನಿಂತಿದ್ದೆ. ಬಿಲಕ್ಕೆ ಹೋಯ್ತು ಅಂದರೆ ಏನರ್ಥ? ಮಣ್ಣಿನ ಕೆಳಗೆ, ಕತ್ತಲಲ್ಲಿ, ಗಂಟೆಗಟ್ಟಲೆ, ಬಹುಶಃ ದಿನಗಟ್ಟಲೆ ಸಾಯುತ್ತಾ ಬಿದ್ದಿರುತ್ತದೆ ಅಂತ. ನಮಗೆ ಕಾಣಲ್ಲ, ಆದ್ದರಿಂದ ನಾವು ಅದನ್ನು ಲೆಕ್ಕಕ್ಕೆ ಹಿಡಿಯಲ್ಲ. ಅಗ್ಗದ ತೋಟಾದ ಬಾಕಿ ಬಿಲ್ಲನ್ನು ಕಟ್ಟುತ್ತಿರೋದು ಆ ಪ್ರಾಣಿ.

ಅಗ್ಗದ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಮ್ಯಾಗ್ನಮ್ ತೋಟಾದ ಬೆಲೆ ಲಾಂಗ್ ರೈಫಲ್‌ನ ಮೂರು-ನಾಲ್ಕು ಪಟ್ಟು. ರಿಮ್‌ಫೈರ್ ಆದ್ದರಿಂದ ಖಾಲಿ ತೋಟಾವನ್ನು ಮತ್ತೆ ತುಂಬಿಸಿಕೊಳ್ಳೋಕೂ ಆಗಲ್ಲ. ಎಲ್ಲಾ ನಿಜ. ಆದರೆ ಸ್ವಾಮಿ, ದಿನಕ್ಕೆ ಮೊಲದ ಮಿತಿ ನಾಲ್ಕು, ಅಳಿಲಿನ ಮಿತಿ ಆರು. ಬೇಟೆಯಲ್ಲಿ ಇಡೀ ಸೀಸನ್ನಿಗೆ ಒಂದು 50ರ ಡಬ್ಬಿ ಖಾಲಿ ಮಾಡೋರು ಎಷ್ಟು ಜನ? ನೂರಾರು ಗುಂಡು ಖರ್ಚಾಗೋದು ಅಭ್ಯಾಸದಲ್ಲಿ. ಅಭ್ಯಾಸಕ್ಕೆ ಲಾಂಗ್ ರೈಫಲ್ಲೇ ಇರಲಿ, ಅದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಜೀವದ ಮೇಲೆ ಹೊಡೆಯುವ ಆ ಕೆಲವೇ ಈಡುಗಳಲ್ಲಿ ಉಳಿಯೋ ದುಡ್ಡು ಎರಡು ಕಾಫಿಯಷ್ಟೂ ಆಗಲ್ಲ. ಸ್ಕೋಪಿಗೆ ನೂರಾರು ಡಾಲರ್ ಸುರಿದು, ತೋಟಾದಲ್ಲಿ ಸೆಂಟ್ಸ್ ಉಳಿಸೋದು ಎಂಥ ಜಾಣತನ?

ಇನ್ನೊಂದು ಆಕ್ಷೇಪ ಮಾಂಸದ್ದು: "ಮ್ಯಾಗ್ನಮ್ ಹೊಡೆದರೆ ತಿನ್ನೋಕೆ ಏನೂ ಉಳಿಯಲ್ಲ." ಇದರಲ್ಲಿ ಸತ್ಯ ಇದೆ. .17ರ 17 ಗ್ರೇನ್ ಗುಂಡು, ಪ್ಲಾಸ್ಟಿಕ್ ತುದಿಯದ್ದು, ಸೆಕೆಂಡಿಗೆ 2,550 ಅಡಿ ವೇಗದಲ್ಲಿ ಹೊರಟು ಮೈಗೆ ಬಿದ್ದರೆ ಒಳಗೇ ಪುಡಿಪುಡಿಯಾಗುತ್ತದೆ. ಅಳಿಲಿನ ಭುಜಕ್ಕೆ ಬಿದ್ದರೆ ಆ ಭಾಗದ ಸಾರು ಮರೆತುಬಿಡಿ. ಅದಕ್ಕೆ ಉತ್ತರ ಸುಲಭ. ತಿನ್ನೋ ಪ್ರಾಣಿಯ ತಲೆಗೆ ಹೊಡೀರಿ. ತಲೆ ಸಿಗದಿದ್ದರೆ ಹೊಡೀಬೇಡಿ, ನಾಳೆ ಬನ್ನಿ. ಅಷ್ಟು ನೆಟ್ಟಗೆ ಹೋಗುವ ಗುಂಡು ಕೈಲಿರುವಾಗ ಮೈಗೆ ಹೊಡೆಯೋ ದರ್ದೇನು? ಇನ್ನೂ ಜೋರಿನದ್ದು ಬೇಕು ಅಂತ .223ಕ್ಕೆ ಹಾರೋರಿಗೂ ಇದೇ ಮಾತು. ಅದರ ಶಕ್ತಿ .22 ಮ್ಯಾಗ್ನಮ್‌ನ ನಾಲ್ಕು ಪಟ್ಟು. ಮೊಲಕ್ಕೆ ಅದು ಬೇಟೆಯಲ್ಲ, ಡೆಮಾಲಿಷನ್ನು. ಓಡುವ ಮೊಲಕ್ಕಾದರೆ ಚರೆ ಹಾಕುವ ಶಾಟ್‌ಗನ್ನೇ ಸರಿ. ಕೂತ ಪ್ರಾಣಿ, 50ರಿಂದ 100 ಗಜ, ಅಪರೂಪಕ್ಕೆ 125. ಮ್ಯಾಗ್ನಮ್‌ನ ರಾಜ್ಯ ಇಷ್ಟೇ. 50ರ ಒಳಗೆ ಅಣ್ಣನೇ ರಾಜ, ಸದ್ದೂ ಕಮ್ಮಿ.

ಮ್ಯಾಗ್ನಮ್ ಅಭಿಮಾನಿಗಳಿಗೂ ಎರಡು ಮಾತು, ಯಾಕಂದ್ರೆ ಈ ತೋಟಾಕ್ಕೆ ಕೆಟ್ಟ ಹೆಸರು ತಂದವರು ಅವರೇ. ಮ್ಯಾಗ್ನಮ್ ಕೆಟ್ಟ ಗುರಿಗೆ ಔಷಧಿ ಅಲ್ಲ. ಗಾಳಿ ಬೀಸಿದರೆ ಇದರ ಗುಂಡೂ ಪಕ್ಕಕ್ಕೆ ಹೋಗುತ್ತದೆ. .22 ಮ್ಯಾಗ್ನಮ್ ಈ ವಿಷಯದಲ್ಲಿ ಅಣ್ಣನಿಗಿಂತ ಮೇಲೇನಲ್ಲ. "200 ಗಜದಲ್ಲಿ ಹೊಡೆದೆ" ಅಂತ ಕೊಚ್ಚಿಕೊಳ್ಳೋನು ಇನ್ನೆಷ್ಟು ಪ್ರಾಣಿಗೆ ಗಾಯ ಮಾಡಿದ ಅಂತ ಕೇಳಿ, ಮಾತು ಬದಲಿಸ್ತಾನೆ. ಸಣ್ಣ ತೋಟಾ ಅಂತ ಸದರ ಬೇಡ, ಲಾಂಗ್ ರೈಫಲ್ ಗುಂಡೇ ಒಂದು ಮೈಲಿಗೂ ಹೆಚ್ಚು ದೂರ ಹೋಗುತ್ತದೆ. ಕೊಂಬೆ ತುದಿಯ ಅಳಿಲಿಗೆ ಆಕಾಶ ನೋಡಿಕೊಂಡು ರೈಫಲ್ ಎತ್ತೋನು ಬೇಟೆಗಾರನೇ ಅಲ್ಲ. ಗುಂಡಿನ ಹಿಂದೆ ಮರದ ಬೊಡ್ಡೆಯೋ ಮಣ್ಣಿನ ದಿಬ್ಬವೋ ಇರಲೇಬೇಕು. ಹಾಗೇ ಎರಡೂ .22 ಅಲ್ಲವಾ ಅಂತ ಮ್ಯಾಗ್ನಮ್ ರೈಫಲ್ಲಿಗೆ ಲಾಂಗ್ ರೈಫಲ್ ತೋಟಾ ಹಾಕಬೇಡಿ. ಒಳಗಿನ ಕೋಣೆ ಅಗಲ, ತೋಟಾ ಸಣ್ಣದು. ಹಿತ್ತಾಳೆ ಸೀಳಿ, ಬಿಸಿ ಗಾಳಿ ಮುಖದ ಕಡೆಗೇ ಬರಬಹುದು.

ಇನ್ನು ಕರುಣೆಯ ಬಳಗಕ್ಕೆ. ಬೇಟೆಯೇ ಬೇಡ ಅನ್ನಿ, ಆ ವಾದಕ್ಕೆ ನನ್ನ ಗೌರವ ಇದೆ, ಪಾಟ್‌ಲಕ್‌ನಲ್ಲಿ ಬರೀ ಮೊಸರನ್ನ ಹಾಕಿಕೊಂಡು ಹೇಳಿದರಂತೂ ಇನ್ನೂ ಹೆಚ್ಚಿನ ಗೌರವ. ಆದರೆ "ಹೊಡೆಯೋದಾದ್ರೆ ಮೆಲ್ಲಗೆ ಹೊಡಿ" ಅನ್ನೋದು ಕರುಣೆ ಅಲ್ಲ. ಮೊಂಡು ಚಾಕು ಕೊಟ್ಟು ಕೋಳಿ ಕೊಯ್ಯಿ ಅಂದ ಹಾಗೆ. ಪ್ರಾಣಿ ಚಿಕ್ಕದು ಅಂತ ಅದರ ಸಾವಿನ ಜವಾಬ್ದಾರಿ ಚಿಕ್ಕದಾಗಲ್ಲ. ಜಿಂಕೆಗೆ ಕಡಿಮೆ ಶಕ್ತಿಯ ತೋಟಾ ಹಿಡಿದು ಹೋದವನನ್ನು ಇಲ್ಲಿನ ಬೇಟೆಗಾರರು ಬೈಯ್ತಾರೆ. ಮೊಲಕ್ಕೆ ಹಾಗೇ ಹೋದವನನ್ನು ಮಿತವ್ಯಯಿ ಅಂತ ಹೊಗಳ್ತಾರೆ! ಕೊಂಬು ಇಲ್ಲದ ಪ್ರಾಣಿ ಗೋಡೆಗೆ ಹಾಕೋಕೆ ಬರಲ್ಲ, ಅದಕ್ಕೇ ಅದಕ್ಕೆ ಮರ್ಯಾದೆ ಕಮ್ಮಿ.

ಆದ್ದರಿಂದ ಈ ಸೀಸನ್ನಿಗೆ ಯಾರಾದರೂ ಹೊಸದಾಗಿ ಶುರು ಮಾಡ್ತಿದ್ದರೆ, ಹೀಗೆ ಮಾಡಿ. ತರಬೇತಿ ಮುಗಿಸಿ, ಲಾಂಗ್ ರೈಫಲ್‌ನಲ್ಲಿ ಕೈ ಪಳಗಿಸಿ. ಮ್ಯಾಗ್ನಮ್ ತಗೊಂಡು 100 ಗಜದಲ್ಲಿ ನಿಂಬೆಹಣ್ಣಿನಷ್ಟು ವೃತ್ತಕ್ಕೆ ಹತ್ತಕ್ಕೆ ಹತ್ತೂ ಬೀಳೋವರೆಗೆ ಕಾಗದಕ್ಕೇ ಹೊಡೀರಿ. 100ಕ್ಕೆ ಬೀಳದಿದ್ದರೆ 70ಕ್ಕೆ ಬನ್ನಿ, ಅಲ್ಲೂ ಬೀಳದಿದ್ದರೆ 50ಕ್ಕೆ ಬನ್ನಿ. ಹತ್ತೂ ಬಿದ್ದ ದೂರವೇ ನಿಮ್ಮ ದೂರ, ಡಬ್ಬಿಯ ಮೇಲೆ ಕಂಪನಿ ಏನೇ ಬರೆದುಕೊಂಡಿರಲಿ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ ಚಿಂತೆ ಇಲ್ಲ, ಸೂಪರ್‌ ಮಾರ್ಕೆಟ್‌ನ ಫ್ರೀಜರ್ ಸಾಲಲ್ಲಿ ಚಿಕನ್ ಸಿಗತ್ತೆ. ಅದಕ್ಕೆ ಗುರಿ ಬೇಕಿಲ್ಲ.