ಗಿರಿಜನರ ಆರೋಗ್ಯ: ದಾನವೋ, ನ್ಯಾಯವೋ?

ಸಿಕಲ್ ಸೆಲ್ ರಕ್ತಹೀನತೆಯನ್ನು 2047ರೊಳಗೆ ತೊಡೆದುಹಾಕುವ ರಾಷ್ಟ್ರೀಯ ಅಭಿಯಾನವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹ್ಡೋಲ್‌ನಲ್ಲಿ ಆರಂಭಗೊಂಡಿತು. ಮೂರು ವರ್ಷಗಳಲ್ಲಿ 7 ಕೋಟಿ ಜನರ ರಕ್ತಪರೀಕ್ಷೆ ಅದರ ಮೊದಲ ಗುರಿಯಾಗಿತ್ತು. ವಂಶಪಾರಂಪರ್ಯವಾಗಿ ಬರುವ ಈ ವ್ಯಾಧಿ ಹೆಚ್ಚಾಗಿ ಬಾಧಿಸುವುದು ಗಿರಿಜನರನ್ನು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಇದಕ್ಕೆ ಹೊರತಲ್ಲ.

ಆದರೆ ಪರೀಕ್ಷೆಯೇ ಪರಿಹಾರವಲ್ಲ. ತಂದೆ ತಾಯಿ ಇಬ್ಬರೂ ರೋಗವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ಸೂಕ್ಷ್ಮವನ್ನು ಮದುವೆಯ ವಯಸ್ಸಿನ ಯುವತಿಗೆ ಮನನೋಯದಂತೆ ತಿಳಿಸುವವರು ಯಾರು? ಬಂದು ಹೋಗುವ ಅಧಿಕಾರಿಗಳಿಂದ ಇದು ಸಾಧ್ಯವಾಗದು.

1981ರಲ್ಲಿ ಡಾ. ಎಚ್. ಸುದರ್ಶನ್ ಆ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಯುವತಿಯರಿಗೇ ಶುಶ್ರೂಷಾ ತರಬೇತಿಯಿತ್ತು ದಾರಿ ತೋರಿದೆ. ತನ್ನವರ ಮಾತನ್ನೇ ಆಡುವ ದಾದಿಯ ಮುಂದೆ ಸೋಲಿಗ ತಾಯಿ ಸಂಕೋಚಪಡಬೇಕಿಲ್ಲ.

ನಮ್ಮ ಸಮುದಾಯವೂ ಆಸ್ಪತ್ರೆಗಳನ್ನು, ದಾದಿಯರ ತರಬೇತಿ ಶಾಲೆಗಳನ್ನು ನಡೆಸುತ್ತಿದೆ. ಅಲ್ಲಿ ಪ್ರತಿವರ್ಷ ಕೆಲವು ಸ್ಥಾನಗಳನ್ನು ಗಿರಿಜನ ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲದೆ ಮೀಸಲಿಡಬಾರದೇಕೆ? ವರ್ಷಕ್ಕೊಮ್ಮೆ ವೈದ್ಯಕೀಯ ಶಿಬಿರ ನಡೆಸಿ ಹಿಂದಿರುಗುವುದು ದಾನ. ಆ ಜನರಿಂದಲೇ ಒಬ್ಬ ದಾದಿಯನ್ನು ರೂಪಿಸುವುದು ನ್ಯಾಯ.